ಕೌದಳ್ಳಿಯ ಹುಲಿ ಬುಕ್ಕು

ಶಿವರಾತ್ರಿಯ ಮುಂಚಿನ ಭಾನುವಾರ. ಕೊಳ್ಳೇಗಾಲದಲ್ಲಿ ಮಾದೇಶ್ವರ ಬೆಟ್ಟದ ಬಸ್ಸು ಹತ್ತಿ "ಕೌದಳ್ಳಿಗೆ ಒಂದು" ಎಂದೆ. ಕಂಡಕ್ಟರು ನನ್ನ ಬಿಳಿ ತಲೆಯನ್ನೂ ಪಕ್ಕದಲ್ಲಿ ಕುಳಿತಿದ್ದ ಮೊಮ್ಮಗಳನ್ನೂ ನೋಡಿ, "ಬೆಟ್ಟಕ್ಕಲ್ವಾ ಯಜಮಾನ್ರೇ?" ಎಂದರು. "ಇಲ್ಲಪ್ಪ, ಕೌದಳ್ಳಿಗೇ. ಒಂದು ಹಳೇ ಬಾಕಿ ಇದೆ" ಎಂದೆ. ನನಗೊಂದು ಟಿಕೆಟ್ಟು, ಹತ್ತು ವರ್ಷದ ಮೊಮ್ಮಗಳಿಗೆ ಸೊನ್ನೆ ದುಡ್ಡಿನ ಟಿಕೆಟ್ಟು ಕೊಟ್ಟು ಅವರು ಮುಂದಕ್ಕೆ ಹೋದರು.

ಬಾಕಿ ನನ್ನ ತೊಡೆಯ ಮೇಲೇ ಇತ್ತು. ಬಿಸ್ಕತ್ತಿನ ಹಳೆಯ ತಗಡಿನ ಡಬ್ಬಿ. ಅದರೊಳಗೆ 43 ಮುಖಪುಟಗಳು. ಪುಸ್ತಕಗಳಲ್ಲ, ಬರೀ ಮುಖಪುಟಗಳು. ಹೆಚ್ಚಿನವು ಪತ್ತೇದಾರಿ ಕಾದಂಬರಿಗಳವು, ಒಂದಷ್ಟು ಚಂದಮಾಮದವು. ಅವು ನನ್ನವಲ್ಲ. 44 ವರ್ಷ ನನ್ನ ಬಳಿ ಇದ್ದವು, ಅಷ್ಟೇ.

ನಾನು ಬಿ.ಕಾಂ. ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿದವನು. 1977ರಲ್ಲಿ ಕೌದಳ್ಳಿಗೆ ವರ್ಗವಾಯಿತು. ಆಗ ನನಗೆ 26 ವರ್ಷ, ಮದುವೆಯಾಗಿರಲಿಲ್ಲ. ಮೈಸೂರಿನ ಗೆಳೆಯರು "ಕೌದಳ್ಳಿ ಎಲ್ಲಿದೆಯೋ?" ಎಂದು ಕೇಳಿದರೆ, "ಮಾದಪ್ಪನ ಬೆಟ್ಟಕ್ಕೆ ಹೋಗುವಾಗ ನೀವು ಬಸ್ಸಿನಲ್ಲಿ ನಿದ್ದೆ ಮಾಡುತ್ತೀರಲ್ಲ, ಆ ಜಾಗ" ಎನ್ನುತ್ತಿದ್ದೆ. ಹನೂರು ದಾಟಿದ ಮೇಲೆ, ತಾಳಬೆಟ್ಟ ಹತ್ತುವುದಕ್ಕೆ ಮೊದಲು ಸಿಗುವ ಊರು. ಒಂದು ಕಡೆ ರಾಗಿ, ಮುಸುಕಿನ ಜೋಳದ ಹೊಲಗಳು. ಇನ್ನೊಂದು ಕಡೆ, ನೀಲಿ ಶಾಯಿ ಚೆಲ್ಲಿದ ಹಾಗೆ, ಜನಪದ ಕಾವ್ಯ ಹಾಡುವ ಆ ಎಪ್ಪತ್ತೇಳು ಮಲೆಯ ಸಾಲು.

ಈಗ ಹನೂರೇ ತಾಲ್ಲೂಕು, ಜಿಲ್ಲೆ ಚಾಮರಾಜನಗರ. ನಾನಿದ್ದಾಗ ತಾಲ್ಲೂಕು ಕೊಳ್ಳೇಗಾಲ, ಜಿಲ್ಲೆ ಮೈಸೂರು. ಅದಕ್ಕೂ ಮೊದಲು, 1956ರ ನವೆಂಬರ್ 1ರವರೆಗೆ, ಕೊಳ್ಳೇಗಾಲ ಸೀಮೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ನಮ್ಮ ಕೌಂಟರಿನ ಮುಂದೆ ಕನ್ನಡ, ತಮಿಳು, ಉರ್ದು ಮೂರೂ ಕೇಳುತ್ತಿದ್ದವು. ಒಬ್ಬನೇ ಮನುಷ್ಯ ಮೂರು ಭಾಷೆಯಲ್ಲಿ ಸಾಲ ಕೇಳಿ, ಕೊನೆಗೆ ಮೌನದಲ್ಲಿ ಹೆಬ್ಬೆಟ್ಟು ಒತ್ತಿ ಹೋಗುತ್ತಿದ್ದ.

ಸಂಜೆ ಐದಕ್ಕೆ ಲೆಕ್ಕ ಟ್ಯಾಲಿಯಾದರೆ ನನಗೆ ಮುಂದೆ ಕೆಲಸವಿಲ್ಲ. ಸಿನಿಮಾ ಇಲ್ಲ, ಟೀವಿ ಇನ್ನೂ ಬಂದಿರಲಿಲ್ಲ. ಬಸ್ ನಿಲ್ಲುವ ಕಡೆ, ಹುಣಸೇಮರದ ಕೆಳಗೆ, ಒಂದು ಪೆಟ್ಟಿಗೆ ಅಂಗಡಿ. ಬೀಡಿ, ಬೆಂಕಿಪೊಟ್ಟಣ, ಪೆಪ್ಪರಮೆಂಟು, ಜೊತೆಗೆ ಬಾಡಿಗೆ ಪುಸ್ತಕ. ದಿನಕ್ಕೆ 10 ಪೈಸೆ. ಅಂಗಡಿಯವರನ್ನು ಎಲ್ಲರೂ ಭಾಯಿ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ.

ಭಾಯಿಗೆ ಒಂದು ಕಷ್ಟವಿತ್ತು. ಬಾಡಿಗೆಗೆ ಹೋದ ಪುಸ್ತಕ ಮುಖಪುಟ ಕಳೆದುಕೊಂಡು ಬರುತ್ತಿತ್ತು. ಯಾರೋ ಕಿತ್ತು ಗೋಡೆಗೆ ಅಂಟಿಸಿಕೊಳ್ಳುತ್ತಿದ್ದರು. ಮುಖಪುಟವಿಲ್ಲದ ಪುಸ್ತಕವನ್ನು ಮುಂದಿನವರು ಮುಟ್ಟುತ್ತಿರಲಿಲ್ಲ. ಅದಕ್ಕೆ ಅವರೇ ಒಂದು ಉಪಾಯ ಹೂಡಿದರು. ಹೊಸ ಪುಸ್ತಕ ಬಂದ ತಕ್ಷಣ ಮುಖಪುಟವನ್ನು ಬ್ಲೇಡಿನಿಂದ ಹುಷಾರಾಗಿ ಬಿಡಿಸಿ, ಪುಸ್ತಕಕ್ಕೆ ಸಿಮೆಂಟ್ ಚೀಲದ ಕಾಗದ ಹೊದಿಸಿ, ಎರಡಕ್ಕೂ ಒಂದೇ ನಂಬರು ಬರೆದರು. ಮುಖಪುಟಗಳನ್ನು ಅಂಗಡಿಯ ಮುಂದೆ ಹಗ್ಗ ಕಟ್ಟಿ, ಬಟ್ಟೆ ಒಣಗಿಸುವ ಕ್ಲಿಪ್ಪು ಹಾಕಿ ತೂಗುಬಿಟ್ಟರು. ಗಿರಾಕಿ ಚಿತ್ರ ತೋರಿಸಬೇಕು, ಭಾಯಿ ನಂಬರು ನೋಡಿ ಪುಸ್ತಕ ಕೊಡಬೇಕು. ಅಕ್ಷರ ಬಾರದವರೂ ಚಿತ್ರ ನೋಡಿ ಒಯ್ದು, ಮನೆಯಲ್ಲಿ ಶಾಲೆಗೆ ಹೋಗುವ ಮಗನ ಕೈಲಿ ಓದಿಸುತ್ತಿದ್ದರು.

ಆ ಹಗ್ಗವೇ ನನ್ನ ಚಿತ್ರಶಾಲೆ. ದಿನಾ ಸಂಜೆ ಬೀಡಿ ಸೇದದ ನಾನು ಬೀಡಿ ಅಂಗಡಿಯ ಮುಂದೆ ಅರ್ಧ ಗಂಟೆ ನಿಲ್ಲುತ್ತಿದ್ದೆ.

ಆ ಕಾಲದ ಪತ್ತೇದಾರಿ ಎಂದರೆ ಮೊದಲು ಎನ್. ನರಸಿಂಹಯ್ಯನವರು. ಓದಿದ್ದು ನಾಲ್ಕನೇ ತರಗತಿ, ಬರೆದದ್ದು ಐನೂರಕ್ಕೂ ಹೆಚ್ಚು ಕಾದಂಬರಿ. ಅವರ ಪತ್ತೇದಾರ ಪುರುಷೋತ್ತಮ, ಅರಿಂಜಯ, ಮಧುಸೂದನ, ಗಾಳೀರಾಯ ಇವರೆಲ್ಲ ನಮ್ಮ ಊರಿನವರೇ ಎನ್ನುವಷ್ಟು ಪರಿಚಿತರು. ಅಂಥ ಪುಸ್ತಕಗಳ ಮುಖಪುಟದಲ್ಲಿ ಏನಿರುತ್ತಿತ್ತು? ಹ್ಯಾಟು ಹಾಕಿದ ಗಂಡಸು, ಕೈಯಲ್ಲಿ ಟಾರ್ಚು. ಹಿಂದೆ ಒಂದು ಪಾಳು ಬಂಗಲೆ. ಕಿಟಕಿಯಲ್ಲಿ ಒಂದು ಕೈ, ಬರೀ ಕೈ. ಪಿಸ್ತೂಲು ಹಿಡಿದ ಹೆಂಗಸು. ನಾನು ಪುಸ್ತಕ ಪೂರ್ತಿ ಓದಿ ಮುಗಿಸಿದರೂ ಆ ಹೆಂಗಸು ಒಳಗೆಲ್ಲೂ ಬರುತ್ತಿರಲಿಲ್ಲ. "ಭಾಯಿ, ಆಯಮ್ಮ ಎಲ್ಲಿ?" ಎಂದರೆ, "ಮುಂದಿನ ಬುಕ್ಕಿನಲ್ಲಿ ಬರ್ತಾಳೆ ಸಾರ್, ಒಯ್ರಿ" ಎಂದು ಇನ್ನೊಂದು ಕೊಡುತ್ತಿದ್ದರು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅಕ್ಷರಗಳು. ಅವು ಅಚ್ಚಿನ ಮೊಳೆಯಲ್ಲಿ ಜೋಡಿಸಿದವಲ್ಲ, ಕಲಾವಿದ ಕುಂಚದಲ್ಲಿ ಬರೆದವು. ನಮ್ಮ ಕನ್ನಡದ ಅಕ್ಷರ ಗುಂಡಗಿರುತ್ತದೆ, ಭಯ ಹುಟ್ಟಿಸುವುದು ಕಷ್ಟ. ಆದರೂ ಆ ಪುಣ್ಯಾತ್ಮರು ತಲೆಕಟ್ಟನ್ನು ಚೂರಿಯಂತೆ ಎಳೆಯುತ್ತಿದ್ದರು, ಕೊಂಬಿನ ತುದಿಯಿಂದ ರಕ್ತ ತೊಟ್ಟಿಕ್ಕಿಸುತ್ತಿದ್ದರು, ಸೊನ್ನೆಯನ್ನು ಗುಂಡು ಹೊಕ್ಕ ತೂತು ಮಾಡುತ್ತಿದ್ದರು.

ಇನ್ನೊಂದು ಹಗ್ಗ ಸ್ವಲ್ಪ ಕೆಳಗೆ, ಮಕ್ಕಳ ಎತ್ತರಕ್ಕೆ. ಅದು ಚಂದಮಾಮದ ಹಗ್ಗ. 1947ರ ಜುಲೈಯಲ್ಲಿ ಮದರಾಸಿನಲ್ಲಿ ತೆಲುಗು, ತಮಿಳಿನಲ್ಲಿ ಶುರುವಾದ ಪತ್ರಿಕೆ 1949ರಲ್ಲಿ ಕನ್ನಡಕ್ಕೂ ಬಂತು. ಅದರ ಮಹಾಭಾರತದ ಚಿತ್ರಗಳನ್ನು ಬರೆದವರು ಕನ್ನಡಿಗರಾದ ಎಂ.ಟಿ.ವಿ. ಆಚಾರ್ಯರು. ಅವರ ಭೀಮನ ತೋಳು ನೋಡಿದರೆ ನಮ್ಮ ತೋಳನ್ನೂ ಒಮ್ಮೆ ಮುಟ್ಟಿ ನೋಡಿಕೊಳ್ಳಬೇಕು ಅನಿಸುತ್ತಿತ್ತು. ಮುಂದೆ ಅವರು ಬೆಂಗಳೂರಿಗೆ ಬಂದು, ಅಂಚೆಯ ಮೂಲಕ ಚಿತ್ರಕಲೆ ಕಲಿಸುವ ಸಂಸ್ಥೆ ನಡೆಸಿದರು. ಅವರ ನಂತರ ಮುಖಪುಟಗಳನ್ನು ಬೆಳಗಿಸಿದವರು ತೆಲುಗಿನ ವಡ್ಡಾದಿ ಪಾಪಯ್ಯ. ಹೆಗಲ ಮೇಲೆ ಶವ ಹೊತ್ತು, ಕತ್ತಿ ಹಿಡಿದು ನಡೆಯುವ ವಿಕ್ರಮನ ಚಿತ್ರ ಯಾರಿಗೆ ಮರೆತೀತು? ಅದನ್ನು ಬರೆದ ಶಂಕರ್ ಅವರು ತುಂಬು ವಯಸ್ಸಿನಲ್ಲಿ, 2020ರಲ್ಲಿ ತೀರಿಕೊಂಡರು.

ಮಕ್ಕಳೇ, ಇಂಥ ಅಗ್ಗದ ಪುಸ್ತಕ, ಸೊಗಸಾದ ಮುಖಪುಟ ನಮ್ಮಲ್ಲಿ ಮಾತ್ರ ಇದ್ದದ್ದಲ್ಲ. ಅಮೆರಿಕದಲ್ಲಿ ಇವುಗಳಿಗೆ ಪಲ್ಪ್ ಪತ್ರಿಕೆ ಎಂದೇ ಹೆಸರು. ಪಲ್ಪ್ ಅಂದರೆ ಮರದ ತಿರುಳು. ಒರಟು ತಿರುಳಿನಿಂದ ಮಾಡಿದ ಅಗ್ಗದ ಕಾಗದದಲ್ಲಿ 1896ರಲ್ಲಿ 'ಆರ್ಗೊಸಿ' ಎಂಬ ಪತ್ರಿಕೆ ಬರೀ ಕಥೆಗಳನ್ನು ಅಚ್ಚು ಹಾಕಿತು. ಆಮೇಲೆ ಪತ್ತೇದಾರಿಗೆ 1920ರಲ್ಲಿ 'ಬ್ಲ್ಯಾಕ್ ಮಾಸ್ಕ್', ದೆವ್ವ ಭೂತಕ್ಕೆ 1923ರಲ್ಲಿ 'ವಿಯರ್ಡ್ ಟೇಲ್ಸ್', ವಿಜ್ಞಾನದ ಕಥೆಗೆ 1926ರಲ್ಲಿ 'ಅಮೇಜಿಂಗ್ ಸ್ಟೋರೀಸ್'. ಒಳಗಿನ ಕಾಗದ ಕೈಗೆ ಒರಟು, ಮುಖಪುಟ ಮಾತ್ರ ನುಣುಪು, ಥಳಥಳ. ಅಂಗಡಿಯಲ್ಲಿ ಹತ್ತಾರು ಪತ್ರಿಕೆಗಳ ನಡುವೆ ಗಿರಾಕಿಯ ಕಣ್ಣು ಹಿಡಿಯಬೇಕಲ್ಲ! ಫ್ರಾಂಕ್ ಪಾಲ್ ಎಂಬಾತ ಮನುಷ್ಯ ಚಂದ್ರನ ಮೇಲೆ ಕಾಲಿಡುವುದಕ್ಕೆ ನಲವತ್ತು ವರ್ಷ ಮೊದಲೇ ಬಾಹ್ಯಾಕಾಶದ ಹಡಗುಗಳನ್ನು ಬರೆದ. ಮಾರ್ಗರೆಟ್ ಬ್ರಂಡೇಜ್ ಎಂಬ ಹೆಣ್ಣುಮಗಳು ಬಣ್ಣದ ಕಡ್ಡಿಗಳಿಂದ ದೆವ್ವದ ಕಥೆಗಳಿಗೆ ಮುಖಪುಟ ಬರೆದಳು. ಅಚ್ಚಾದ ಮೇಲೆ ಮೂಲಚಿತ್ರ ಯಾರಿಗೂ ಬೇಕಿರಲಿಲ್ಲ. ಬಹುಪಾಲು ಕಸಕ್ಕೆ ಹೋದವು. ಉಳಿದ ಕೆಲವನ್ನು ಇಂದು ಭಾರೀ ಬೆಲೆ ಕೊಟ್ಟು ಕೊಳ್ಳುತ್ತಾರೆ.

ನಮ್ಮಲ್ಲಿ ಕಾಗದದ ತಿರುಳಿಗೆ ಬಿದಿರು ಬೇಕಿತ್ತು. ಭದ್ರಾವತಿಯಲ್ಲಿ 1936ರಲ್ಲೇ ಮೈಸೂರು ಪೇಪರ್ ಮಿಲ್ಸ್ ಸ್ಥಾಪನೆಯಾಗಿತ್ತು. ಕೌದಳ್ಳಿಯ ರಸ್ತೆಯಲ್ಲಿ ಬಿದಿರು ಹೇರಿದ ಲಾರಿ ಕಂಡರೆ ಭಾಯಿ, "ನೋಡಿ ಸಾರ್, ನಮ್ಮ ಪತ್ತೇದಾರರು ಹೋಗ್ತಾವ್ರೆ. ಬುಕ್ಕಾಗಿ ವಾಪಸ್ ಬರ್ತಾರೆ" ಎನ್ನುತ್ತಿದ್ದರು. ಆ ಬಿದಿರು ಯಾವ ಕಾರ್ಖಾನೆಗೆ, ಯಾವ ಬುಟ್ಟಿ ಹೆಣೆಯುವವರಿಗೆ ಹೋಗುತ್ತಿತ್ತೋ, ಮಾತಿನ ತಮಾಷೆ ಮಾತ್ರ ನನ್ನ ಮನಸ್ಸಿನಲ್ಲಿ ಉಳಿದಿದೆ.

ಬಣ್ಣದ ಗುಟ್ಟೂ ನನಗೆ ಆ ಹಗ್ಗದಿಂದಲೇ ತಿಳಿದದ್ದು. ಈಗಿನಂತೆ ಕಂಪ್ಯೂಟರಿನ ಒಂದು ಗುಂಡಿ ಒತ್ತಿದರೆ ಸಾವಿರ ಬಣ್ಣ ಬರುವ ಕಾಲವಲ್ಲ. ಒಂದೊಂದು ಬಣ್ಣಕ್ಕೂ ಸತುವಿನ ಒಂದೊಂದು ಬ್ಲಾಕು. ಮೊದಲು ಹಳದಿ ಒತ್ತಬೇಕು, ಅದು ಒಣಗಿದ ಮೇಲೆ ಕೆಂಪು, ಆಮೇಲೆ ನೀಲಿ. ಹಳದಿಯ ಮೇಲೆ ನೀಲಿ ಬಿದ್ದರೆ ಹಸಿರು, ಹಳದಿಯ ಮೇಲೆ ಕೆಂಪು ಬಿದ್ದರೆ ಕಿತ್ತಳೆ. ಬ್ಲಾಕಿಗೆ ದುಡ್ಡು ಹೆಚ್ಚು, ಆದ್ದರಿಂದ ಅಗ್ಗದ ಪುಸ್ತಕಕ್ಕೆ ಎರಡೇ ಬಣ್ಣದಲ್ಲಿ ಮುಗಿಸುತ್ತಿದ್ದರು. ಕಾಗದ ಕೂದಲೆಳೆಯಷ್ಟು ಜರುಗಿದರೂ ನಾಯಕಿಯ ತುಟಿಯ ಕೆಂಪು ಗಲ್ಲಕ್ಕೆ ಇಳಿಯುತ್ತಿತ್ತು. ಹಾಗೆ ತುಟಿ ಜಾರಿದ ಐದಾರು ನಾಯಕಿಯರು ನನ್ನ ಡಬ್ಬಿಯಲ್ಲಿದ್ದಾರೆ.

ಈಗ ನನ್ನ ತಪ್ಪಿನ ವಿಷಯಕ್ಕೆ ಬರುತ್ತೇನೆ.

1981ರಲ್ಲಿ ನನಗೆ ವರ್ಗವಾಯಿತು. ಹೊರಡುವ ಹಿಂದಿನ ಸಂಜೆ ಭಾಯಿಯ ಹತ್ತಿರ ಹೋಗಿ, "ಒಂದು ರಾತ್ರಿಯ ಮಟ್ಟಿಗೆ ಇವನ್ನೆಲ್ಲ ಕೊಡಿ, ಕೂತು ಸಮಾಧಾನವಾಗಿ ನೋಡುತ್ತೇನೆ" ಎಂದೆ. ಅವರು ಎರಡು ಮಾತಾಡದೆ ಹಗ್ಗದಿಂದ ಬಿಚ್ಚಿ, ಎಣಿಸಿ, ಕಾಗದ ಸುತ್ತಿ ಕೊಟ್ಟರು. ಬೆಳಿಗ್ಗೆ ಮೊದಲ ಬಸ್ಸಿಗೆ ನಾನು ಹೊರಟಾಗ ಅಂಗಡಿ ಇನ್ನೂ ತೆರೆದಿರಲಿಲ್ಲ. ಪಕ್ಕದ ಹೋಟೆಲಿನಲ್ಲಿ ಕೊಟ್ಟು ಹೋಗಬಹುದಿತ್ತು. ಕೊಡಲಿಲ್ಲ. ಅಂಚೆಯಲ್ಲಿ ಕಳಿಸಿದರಾಯಿತು ಅಂದುಕೊಂಡೆ. ಒಂದು ತಿಂಗಳು ಸೋಮಾರಿತನ, ಒಂದು ವರ್ಷ ನಾಚಿಕೆ. ಆಮೇಲೆ ಅವು ನನ್ನವೇ ಅನ್ನಿಸಿಬಿಟ್ಟವು. ಕೌಂಟರಿನಲ್ಲಿ ಐದು ಪೈಸೆ ವ್ಯತ್ಯಾಸ ಬಂದರೂ ರಾತ್ರಿ ಎಂಟರವರೆಗೆ ಕೂತು ಹುಡುಕುತ್ತಿದ್ದವನು ನಾನು. ಬ್ಯಾಂಕಿನಲ್ಲಿ ತಾಳೆಯಾಗದ ಮೊತ್ತವನ್ನು ಹಾಕಿಡಲು ಸಸ್ಪೆನ್ಸ್ ಅಕೌಂಟು ಎಂದು ಒಂದು ಇರುತ್ತದೆ. ಆ ಡಬ್ಬಿ ನನ್ನ ಸಸ್ಪೆನ್ಸ್ ಅಕೌಂಟಾಯಿತು.

ಕೊರೊನಾ ಕಾಲದಲ್ಲಿ ಮನೆಯಲ್ಲೇ ಕೂತಿದ್ದಾಗ ಡಬ್ಬಿ ತೆಗೆದೆ. ಅಷ್ಟು ವರ್ಷ ಮುಂಭಾಗವನ್ನೇ ನೋಡಿದ್ದ ನಾನು ಅಂದು ಮೊದಲ ಸಲ ಒಂದೊಂದನ್ನೂ ತಿರುವಿ ನೋಡಿದೆ. ಹಿಂಭಾಗದ ಖಾಲಿ ಜಾಗದಲ್ಲಿ ಪೆನ್ಸಿಲ್ಲಿನಲ್ಲಿ ಸಣ್ಣ ಸಣ್ಣ ಬರಹ. 'ಗಿರಣಿ ಹುಡುಗ, 2 ದಿನ.' 'ಟೀಚರಮ್ಮ, 1 ದಿನ, ಕೊಟ್ಟರು.' 'ಫಾರೆಸ್ಟ್ ಗಾರ್ಡು, 6 ದಿನ, ಬಾಕಿ.' ಅದು ಭಾಯಿಯ ಲೆಡ್ಜರು! ನಾನು ಚಿತ್ರವನ್ನಷ್ಟೇ ಒಯ್ದಿರಲಿಲ್ಲ, ಒಬ್ಬ ಬಡ ವ್ಯಾಪಾರಿಯ ಲೆಕ್ಕದ ಪುಸ್ತಕವನ್ನೇ ಹೊತ್ತು ತಂದಿದ್ದೆ. ಯಾರು ಎಷ್ಟು ಕೊಡಬೇಕೆಂದು ಅವರಿಗೆ ಆಮೇಲೆ ಹೇಗೆ ಗೊತ್ತಾಗಿರಬೇಕು? ಹೊಟ್ಟೆಯಲ್ಲಿ ಏನೋ ಕಿವುಚಿದಂತಾಯಿತು. ಏಳು ಮುಖಪುಟಗಳ ಹಿಂದೆ ಇನ್ನೊಂದು ಹೆಸರೂ ಇತ್ತು: 'ಬ್ಯಾಂಕ್ ಸಾರ್, ಬಾಕಿ.' ಕೂಡಿದೆ. 2 ರೂಪಾಯಿ 40 ಪೈಸೆ.

ಹೀಗೆ ಹೋಗಬೇಕು, ಹೋಗಬೇಕು ಎನ್ನುತ್ತಲೇ ಇನ್ನೂ ನಾಲ್ಕು ವರ್ಷ ಕಳೆದೆ. ಕೊನೆಗೆ ಮೊಮ್ಮಗಳೇ, "ತಾತ, ನನಗೆ ಲೈಬ್ರರಿ ಪುಸ್ತಕ ಲೇಟ್ ಮಾಡಬೇಡ ಅಂತೀಯಲ್ಲ" ಎಂದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ದಾರಿಯುದ್ದಕ್ಕೂ ಬರಿಗಾಲಲ್ಲಿ ನಡೆದು ಬೆಟ್ಟಕ್ಕೆ ಹೋಗುವ ಪರಸೆಯವರು. ಹೆಗಲಲ್ಲಿ ಚೀಲ, ಬಾಯಲ್ಲಿ ಉಘೇ ಉಘೇ. ಮೊಮ್ಮಗಳು ಡಬ್ಬಿ ತೆಗೆಸಿ ಒಂದೊಂದೇ ನೋಡುತ್ತಿದ್ದಳು. ಒಂದರಲ್ಲಿ ನಿಂತು ಎಣಿಸಿ, "ತಾತ, ಈ ಕೈಗೆ ಆರು ಬೆರಳು! ಎಐ ಮಾಡಿದ್ದಾ?" ಎಂದಳು. ಪಕ್ಕದ ಸೀಟಿನವರೂ ನಕ್ಕರು. ನಾನು ನೋಡಿದೆ. ಹೌದು, ಆರು. ಅಷ್ಟು ವರ್ಷದಲ್ಲಿ ನಾನು ಎಣಿಸಿಯೇ ಇರಲಿಲ್ಲ. "ಇಲ್ಲ ಪುಟ್ಟಿ, ಮನುಷ್ಯನೇ ಬರೆದದ್ದು. ಅವಸರದಲ್ಲಿ ಬರೆದಿರಬೇಕು" ಎಂದೆ. "ಹೆಸರು ಎಲ್ಲಿ ಬರೆದಿದ್ದಾರೆ?" ಎಂದು ಮೂಲೆ ಮೂಲೆ ಹುಡುಕಿದಳು. ಇರಲಿಲ್ಲ. 43ರಲ್ಲಿ ಅರ್ಧಕ್ಕೂ ಹೆಚ್ಚು ಮುಖಪುಟಗಳಲ್ಲಿ ಬರೆದವರ ಹೆಸರಿಲ್ಲ.

ಕೌದಳ್ಳಿಯಲ್ಲಿ ಇಳಿದಾಗ ನನಗೆ ದಿಕ್ಕು ತೋಚಲಿಲ್ಲ. ಹುಣಸೇಮರ ಇಲ್ಲ, ಹೆಂಚಿನ ಮನೆಗಳಿದ್ದ ಕಡೆ ತಾರಸಿ ಅಂಗಡಿಗಳು. ಟೀ ಅಂಗಡಿಯಲ್ಲಿ, "ಹಿಂದೆ ಬಾಡಿಗೆ ಪುಸ್ತಕ ಕೊಡುತ್ತಿದ್ದ ಭಾಯಿ..." ಎಂದೆ. ಹುಡುಗರು ಮುಖ ಮುಖ ನೋಡಿಕೊಂಡರು. ಬೆಂಚಿನ ಮೇಲಿದ್ದ ಮುದುಕರೊಬ್ಬರು, "ಯಾರು, ಹುಲಿ ಬುಕ್ಕಿನ ಭಾಯಿನಾ? ಅವ್ರು ಹೋಗಿ ಬಾಳ ವರ್ಷಾಯ್ತು ಸಾಮಿ. ಮಗ ಅವ್ನ, ಅಲ್ಲಿ ಜೆರಾಕ್ಸ್ ಅಂಗಡಿ" ಎಂದು ತೋರಿಸಿದರು.

ಭಾಯಿ ಇಲ್ಲ ಎಂಬುದು ನಾನು ನಿರೀಕ್ಷಿಸಿದ್ದೇ. ಆದರೂ ಕೈಯಲ್ಲಿದ್ದ ಡಬ್ಬಿ ಭಾರವಾಯಿತು. ಹುಲಿ ಬುಕ್ಕು ಎಂದರೇನು ಎಂಬುದು ಮಾತ್ರ ತಿಳಿಯಲಿಲ್ಲ.

ಮಗನಿಗೆ ಐವತ್ತರ ಮೇಲಾಗಿದೆ. ಮೊಬೈಲ್ ರೀಚಾರ್ಜು, ಜೆರಾಕ್ಸು, ಆಧಾರ್ ಕಾರ್ಡಿಗೆ ಪ್ಲಾಸ್ಟಿಕ್ ಹೊದಿಸುವುದು. ನಾನು ಯಾರೆಂದು ಹೇಳಿ ಡಬ್ಬಿಯನ್ನು ಮೇಜಿನ ಮೇಲಿಟ್ಟೆ. ಹೇಳುವಾಗ ನನ್ನ ಸ್ವರ ಸ್ವಲ್ಪ ನಡುಗಿತು. ಅವರು ಒಂದು ಮುಖಪುಟ ಎತ್ತಿ, ಹಿಂದೆ ತಿರುವಿದರು. ಮಾತಾಡಲಿಲ್ಲ. ಇನ್ನೊಂದು ತಿರುವಿದರು. "ಅಬ್ಬಾ ಅವರ ಕೈಬರಹ" ಎಂದರು. ಆಮೇಲೆ, "ನಮ್ಮ ಮನೇಲಿ ಅವರ ಬರಹ ಒಂದೂ ಇರಲಿಲ್ಲ ಸಾರ್" ಎಂದರು.

"ಅವರು ನನ್ನನ್ನು ಬೈದುಕೊಂಡರೇನಪ್ಪಾ?" ಎಂದು ಕೇಳಿಯೇಬಿಟ್ಟೆ.

ಅವರು ಮುಚ್ಚುಮರೆ ಮಾಡಲಿಲ್ಲ. "ಬೈದ್ರು ಸಾರ್. ಎರಡು ದಿನ ಬೈದ್ರು. ಹಗ್ಗ ಖಾಲಿ ಆಯ್ತಲ್ಲ, ಯಾರೂ ಬುಕ್ಕು ಕೇಳ್ತಿರಲಿಲ್ಲ. ನಂಬರು ಹೇಳಿದ್ರೆ ಯಾರಿಗೆ ಏನು ಗೊತ್ತಾಗ್ತದೆ? ಮೂರನೇ ದಿನ ನನ್ನ ಕಲರ್ ಪೆನ್ಸಿಲ್ ಕಿತ್ಕೊಂಡ್ರು." ನಗುತ್ತಾ ಒಳಗೆ ಹೋಗಿ, ಪ್ಲಾಸ್ಟಿಕ್ ಹೊದಿಸಿದ ಒಂದು ಹಾಳೆ ತಂದರು.

ಹಳೆಯ ಕ್ಯಾಲೆಂಡರಿನ ಹಿಂಭಾಗ. ಅದರ ಮೇಲೆ ಒಂದು ಹುಲಿ. ಮಾದಪ್ಪ ಹುಲಿಯ ಮೇಲೆ ಕುಳಿತ ಚಿತ್ರ ಈ ಸೀಮೆಯ ಮನೆ ಮನೆಯಲ್ಲೂ, ಬಸ್ಸಿನಲ್ಲೂ, ಹೋಟೆಲಿನಲ್ಲೂ ಇದೆಯಲ್ಲ, ಅದೇ ಹುಲಿ. ಭಾಯಿ ದಿನಾ ನೋಡಿ ನೋಡಿ ಕೈಗೆ ಬಂದಿದ್ದ ಚಿತ್ರ ಅದೊಂದೇ. ಮನುಷ್ಯರನ್ನು ಬರೆಯಲು ಬರುತ್ತಿರಲಿಲ್ಲವಂತೆ. ಹಾಗಾಗಿ ಕೊಲೆಯ ಕಥೆಗೂ ಹುಲಿ, ಕಳ್ಳತನದ ಕಥೆಗೂ ಹುಲಿ, ವಜ್ರದ ಹಾರದ ಕಥೆಗೂ ಹುಲಿ. ಹುಲಿಯ ಕೊರಳಿಗೆ ಹಾರ ಹಾಕಿದರೆ ಅದು ವಜ್ರದ ಕಥೆ. ಬಾಯಲ್ಲಿ ಚೂರಿ ಕೊಟ್ಟರೆ ಕೊಲೆ. ತಲೆಗೆ ಹ್ಯಾಟು ಹಾಕಿದರೆ ಪತ್ತೇದಾರ. ನಾನು ನೋಡಿದ್ದು ಹ್ಯಾಟಿನ ಹುಲಿ. ಕಾಲುಗಳು ಮೇಜಿನ ಕಾಲಿನಂತೆ ನೆಟ್ಟಗಿದ್ದವು. ಕಣ್ಣು ಮಾತ್ರ ಥೇಟ್ ಕ್ಯಾಲೆಂಡರಿನ ಹುಲಿಯ ಕಣ್ಣು, ಶಾಂತವಾಗಿ ನಮ್ಮನ್ನೇ ನೋಡುತ್ತಿತ್ತು.

"ಜನ ಬಂದು 'ಹುಲಿ ಬುಕ್ಕು ಕೊಡಿ' ಅನ್ನೋರು. ಓದ್ಬಿಟ್ಟು 'ಹುಲಿ ಎಲ್ಲಿ ಭಾಯಿ?' ಅಂತ ಜಗಳಕ್ಕೆ ಬರೋರು. 'ಮುಂದಿನ ಬುಕ್ಕಿನಲ್ಲಿ ಬರ್ತದೆ' ಅನ್ನೋರು ಅಬ್ಬಾ" ಎಂದರು ಮಗ. ನಾನು ನಕ್ಕೆ, ಕಣ್ಣು ಒದ್ದೆಯಾಯಿತು. ನನ್ನಿಂದ ನಷ್ಟವಾದದ್ದು ನಿಜ, ಆ ಹುಲಿ ಹುಟ್ಟಿತೆಂದು ಅದು ಸರಿಯಾಗುವುದಿಲ್ಲ. ಅದನ್ನೂ ಅವರಿಗೆ ಹೇಳಿದೆ. 2 ರೂಪಾಯಿ 40 ಪೈಸೆಗೆ ಬಡ್ಡಿ ಲೆಕ್ಕ ಹಾಕಿ ಒಂದು ಕವರಿನಲ್ಲಿ ತಂದಿದ್ದೆ. ಅವರು ಕವರು ತೆಗೆದುಕೊಳ್ಳಲಿಲ್ಲ. "ಅಸಲು ಕೊಡಿ ಸಾರ್, ಅದು ಅಬ್ಬಾ ಬರೆದಿರೋದು. ಬಡ್ಡಿ ನಾವು ಮುಟ್ಟಲ್ಲ" ಎಂದರು. 40 ಪೈಸೆ ಈಗ ಎಲ್ಲಿ ತರುವುದು? ಮೂರು ರೂಪಾಯಿ ಕೊಟ್ಟೆ. ಅವರು ಗಲ್ಲಾಪೆಟ್ಟಿಗೆಯ ಪಕ್ಕದ ಬಾಟಲಿಯಿಂದ ಒಂದು ಪೆಪ್ಪರಮೆಂಟು ತೆಗೆದು ಮೊಮ್ಮಗಳಿಗೆ ಕೊಟ್ಟು, "ಚಿಲ್ಲರೆ" ಎಂದರು.

ಮೊಮ್ಮಗಳಿಗೆ ಹುಲಿ ಬೇಕಾಗಿತ್ತು. ಅವರು ತಂದೆಯ ಕೈಯ ಹಾಳೆ ಕೊಡುವುದಾದರೂ ಹೇಗೆ? "ಜೆರಾಕ್ಸ್ ಮಾಡಿ ಕೊಡ್ಲಾ ಪುಟ್ಟಿ?" ಎಂದರು. "ಬೇಡ ಮಾಮ, ನಾನೇ ಬರೀತೀನಿ" ಎಂದು ಅವಳು ಅಂಗಡಿಯ ಮೆಟ್ಟಿಲ ಮೇಲೆ ನೋಟ್‌ಬುಕ್ ಹಿಡಿದು ಕೂತಳು. ಅಷ್ಟರಲ್ಲಿ ಅವರು ಅಂಗಡಿಯ ಮುಂದೆ ಒಂದು ಹಗ್ಗ ಎಳೆದು, ಹತ್ತಿಪ್ಪತ್ತು ಮುಖಪುಟಗಳಿಗೆ ಕ್ಲಿಪ್ಪು ಹಾಕಿ ತೂಗುಬಿಟ್ಟರು. ಬೆಟ್ಟಕ್ಕೆ ನಡೆಯುತ್ತಿದ್ದ ಪರಸೆಯವರು ಒಬ್ಬೊಬ್ಬರೇ ನಿಂತರು. ಒಬ್ಬ ಅಜ್ಜಿ ಪಿಸ್ತೂಲಿನ ಹೆಂಗಸನ್ನು ತುಂಬಾ ಹೊತ್ತು ನೋಡಿ, "ಇವ್ಳು ಯಾವೂರವ್ಳು?" ಎಂದು ಕೇಳಿದರು. ನಾನೂ ಮಗನೂ ಒಟ್ಟಿಗೆ, "ಗೊತ್ತಿಲ್ಲ ಅಜ್ಜಿ" ಎಂದೆವು.

ಓದುಗರಲ್ಲಿ ಒಂದು ವಿನಂತಿ. ನಿಮ್ಮ ಮನೆಯ ಅಟ್ಟದಲ್ಲಿ ಹಳೆಯ ಚಂದಮಾಮ, ಪತ್ತೇದಾರಿ, ವಾರಪತ್ರಿಕೆಗಳ ಕಟ್ಟು ಇದ್ದರೆ, ರದ್ದಿಗೆ ತೂಗುವ ಮೊದಲು ಮುಖಪುಟಗಳನ್ನು ಒಮ್ಮೆ ನೋಡಿ. ಮೂಲೆಯಲ್ಲಿ ಬರೆದವರ ಹೆಸರಿದ್ದರೆ ಮಕ್ಕಳ ಕೈಲಿ ಗಟ್ಟಿಯಾಗಿ ಓದಿಸಿ. ಹಿಂದೆ ತಿರುವಿಯೂ ನೋಡಿ. ಯಾರಿಗಾದರೂ ಹಿಂತಿರುಗಿಸಬೇಕಾದದ್ದಿದ್ದರೆ, ಅವರು ಇರುವಾಗಲೇ ಹೋಗಿ ಕೊಟ್ಟು ಬನ್ನಿ. ನನ್ನ ಹಾಗೆ ತಡಮಾಡಬೇಡಿ.

ಸಂಜೆಯ ಬಸ್ಸಿನಲ್ಲಿ ಮೊಮ್ಮಗಳು ನೋಟ್‌ಬುಕ್ ತೋರಿಸಿದಳು. ಹ್ಯಾಟಿನ ಹುಲಿ, ಕಾಲುಗಳು ಇವಳದೂ ಮೇಜಿನ ಕಾಲೇ. ಮೂಲೆಯಲ್ಲಿ ತನ್ನ ಹೆಸರು ಬರೆದಿದ್ದಳು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು: 'ಕೌದಳ್ಳಿಯ ಪುಸ್ತಕದ ತಾತ ಬರೆದ ಹುಲಿಯನ್ನು ನೋಡಿ ಬರೆದದ್ದು.'